ರಿಪೋರ್ಟ್ ನಾರ್ಮಲ್, ಅಂಗಾಲು ಮಾತ್ರ ಉರಿ

"ನರದ ಟೆಸ್ಟ್ ಮಾಡಿಸಿದೆ ಸಾರ್, ಎಲ್ಲಾ ನಾರ್ಮಲ್ ಅಂದ್ರು. ಮತ್ತೆ ರಾತ್ರಿಯೆಲ್ಲಾ ಅಂಗಾಲು ಯಾಕೆ ಉರಿಯುತ್ತೆ?"

ಶಿಡ್ಲಘಟ್ಟದ ನನ್ನ ಕ್ಲಿನಿಕ್‌ಗೆ ಬರುವ ಶುಗರ್ ರೋಗಿಗಳ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ರಿಪೋರ್ಟ್ ನೋಡಿದ ಮೇಲೆ ಮನೆಯವರೂ ಇವರ ಮಾತು ನಂಬುವುದಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ. ರಿಪೋರ್ಟೂ ಸರಿ ಇರುತ್ತದೆ, ಉರಿಯೂ ನಿಜವಾಗಿರುತ್ತದೆ.

ಕರೆಂಟ್ ಕೊಟ್ಟು ಮಾಡುವ ನರ್ವ್ ಕಂಡಕ್ಷನ್ ಟೆಸ್ಟ್ ದಪ್ಪ ನರತಂತುಗಳನ್ನಷ್ಟೇ ಅಳೆಯುತ್ತದೆ. ನೋವು, ಬಿಸಿ, ತಂಪು ತಿಳಿಸುವುದು, ಬೆವರು ಬರಿಸುವುದು ಸಣ್ಣ ತಂತುಗಳ ಕೆಲಸ. ಅವು ಹಾಳಾದರೂ ಆ ಟೆಸ್ಟಿಗೆ ಗೊತ್ತಾಗುವುದಿಲ್ಲ. ಖಚಿತ ಮಾಡಿಕೊಳ್ಳಲು ಕಣಕಾಲಿನಿಂದ 10 ಸೆಂ.ಮೀ. ಮೇಲೆ 3 ಮಿ.ಮೀ. ಅಗಲದ ಚರ್ಮ ತೆಗೆದು, ಅದರಲ್ಲಿರುವ ತಂತುಗಳನ್ನು ಎಣಿಸುತ್ತಾರೆ. ಒಳ್ಳೆಯ ಪರೀಕ್ಷೆಯೇ. ಆದರೆ ಗಾಯ ಬೇಗ ಮಾಯದ ಶುಗರ್ ಕಾಲಿಗೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಚರ್ಮ ಕೊಯ್ಯದೆ ಎಷ್ಟು ತಿಳಿಯಬಹುದೋ ಅಷ್ಟನ್ನು ಮೊದಲು ನೋಡುತ್ತೇನೆ.

ಬಡಿದರೆ ಸೆಕೆಂಡಿಗೆ 128 ಸಲ ನಡುಗುವ ಲೋಹದ ಕವಲು, ಅಂದರೆ ಟ್ಯೂನಿಂಗ್ ಫೋರ್ಕ್, ಎರಡು ಕೆಲಸಕ್ಕೆ ಬರುತ್ತದೆ. ಬಡಿದು ಹೆಬ್ಬೆರಳ ಮೇಲಿಟ್ಟರೆ ಅದರ ನಡುಕ ದಪ್ಪ ತಂತುಗಳ ಲೆಕ್ಕ. ಬಡಿಯದೆ, ತಣ್ಣಗಿರುವ ಅದೇ ಫೋರ್ಕನ್ನು ಪಾದದ ಮೇಲಿಟ್ಟು "ತಣ್ಣಗಿದೆಯಾ?" ಅಂತ ಕೇಳಿದರೆ ಸಣ್ಣ ತಂತುಗಳ ಲೆಕ್ಕ. ಒಂದು ಸಲ ಪಾದಕ್ಕೆ, ಒಂದು ಸಲ ಮೊಣಕಾಲಿನ ಹತ್ತಿರ ಇಡುತ್ತೇನೆ. ನಡುಕ ಚೆನ್ನಾಗಿ ಗೊತ್ತಾಗಿ, ತಂಪು ಮಾತ್ರ ಮೊಣಕಾಲ ಹತ್ತಿರವೇ ತಿಳಿದರೆ ನನಗೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಒಬ್ಬರಿಗೆ ಬಳಸಿ ಬಿಸಾಡುವ ಪಿನ್ನಿನಿಂದ ಮೆಲ್ಲಗೆ ಚುಚ್ಚಿ ನೋಡುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ನೀರಿನ ಪರೀಕ್ಷೆ. ನೀರಲ್ಲಿ ನೆನೆದ ಬೆರಳು ಸುಕ್ಕಾಗುವುದು ಸಣ್ಣ ತಂತುಗಳಿಂದಲೇ. ಅವು ಬೆರಳ ತುದಿಯ ರಕ್ತನಾಳಗಳನ್ನು ಬಿಗಿಸಿದಾಗ ಒಳಗಿನ ಗಾತ್ರ ಕುಗ್ಗಿ ಚರ್ಮ ಮಡಿಚಿಕೊಳ್ಳುತ್ತದೆ. ನರ ಕತ್ತರಿಸಿ ಹೋದ ಬೆರಳು ಸುಕ್ಕಾಗುವುದಿಲ್ಲ ಅಂತ ಐರ್ಲೆಂಡಿನ ಸರ್ಜನ್ ಓರಿಯಾನ್ 1973ರಲ್ಲೇ ಬರೆದಿದ್ದರು. ಕೈ ಅಥವಾ ಕಾಲನ್ನು 40 ಡಿಗ್ರಿ ಸೆಲ್ಸಿಯಸ್ ನೀರಲ್ಲಿ 30 ನಿಮಿಷ ಇಡಿಸಬೇಕು. ಬಿಸಿಯನ್ನು ಥರ್ಮಾಮೀಟರ್‌ನಲ್ಲೇ ನೋಡಬೇಕು. ಸ್ಪರ್ಶ ಕಮ್ಮಿಯಾದ ಕಾಲಿನವರನ್ನು "ಬಿಸಿ ಸಾಕಾ?" ಅಂತ ಕೇಳಿಕೊಂಡು ನೀರು ಸುರಿದರೆ ಬೊಬ್ಬೆ ಏಳುತ್ತದೆ.

ನಮ್ಮೂರಲ್ಲಿ ಇದಕ್ಕೊಂದು ತೊಡಕಿದೆ. ರೇಷ್ಮೆ ನೂಲು ಬಿಚ್ಚುವವರ ಕೈ ದಿನವಿಡೀ ಗೂಡಿನ ಬಿಸಿನೀರಲ್ಲೇ ಇರುತ್ತದೆ. ಚರ್ಮ ಬೆಳ್ಳಗೆ ನೆನೆದು, ಒಡೆದು, ಗಡುಸಾಗಿರುತ್ತದೆ. ಅಂಥ ಬೆರಳು ನೋಡಿ ನಾನು ಏನೂ ಹೇಳುವುದಿಲ್ಲ, ಕಾಲು ಇಡಿಸುತ್ತೇನೆ. ಕಾಲ್ಬೆರಳಿಗೆ ಗ್ರೇಡು ಹಾಕುವುದಿಲ್ಲ. ಸುಕ್ಕು ಇದೆಯೋ ಇಲ್ಲವೋ, ಅಷ್ಟೇ.

ಹೀಗೆ ಅಂಗಾಲು ಉರಿಯುವ ಒಬ್ಬ ಹೆಂಗಸು ತಮ್ಮ ಅಕ್ಕನನ್ನು ಕರೆದುಕೊಂಡು ಬಂದಿದ್ದರು. "ಇವಳದು ಸುಮ್ನೆ ಕೊರಗು ಸಾರ್" ಅಂತ ಅಕ್ಕ ಅಂದರು. ಅಕ್ಕನಿಗೆ ಶುಗರ್ ಇರಲಿಲ್ಲ. ಇಬ್ಬರ ಕಾಲನ್ನೂ ಒಂದೇ ಟಬ್ಬಿನಲ್ಲಿ ಇಡಿಸಿದೆ. ಅರ್ಧ ಗಂಟೆ ಆದ ಮೇಲೆ ಟವೆಲ್ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆವು. ಅಕ್ಕನ ಬೆರಳುಗಳು ಒಣದ್ರಾಕ್ಷಿ ಹಾಗೆ ಸುಕ್ಕಾಗಿದ್ದವು. ತಂಗಿಯ ಬೆರಳು ನುಣ್ಣಗೆ ಹಾಗೇ ಇದ್ದವು. ಅಕ್ಕ ಬಗ್ಗಿ, ತಂಗಿಯ ಒಂದೊಂದೇ ಬೆರಳು ಮುಟ್ಟಿ ನೋಡಿದರು. "ಅಯ್ಯೋ, ನಿಜವಾಗ್ಲೂ ಉರಿಯುತ್ತೇನೇ?" ಅಂದರು.

ಈ ಒಂದರ ಮೇಲೇ ತೀರ್ಮಾನ ಮಾಡಬಾರದು. ಹೃದಯಕ್ಕೆ ಹೋಗುವ ಸಣ್ಣ ನರಗಳನ್ನೂ ನೋಡುತ್ತೇನೆ. ಇಸಿಜಿ ಹಚ್ಚಿ, ನಿಮಿಷಕ್ಕೆ 6 ಸಲದಂತೆ ನಿಧಾನವಾಗಿ ಉಸಿರಾಡಿಸಬೇಕು. ಉಸಿರು ಎಳೆದಾಗ ಬಡಿತ ಏರಬೇಕು, ಬಿಟ್ಟಾಗ ಇಳಿಯಬೇಕು. ಎರಡರ ನಡುವೆ ನಿಮಿಷಕ್ಕೆ 15 ಬಡಿತ ಅಥವಾ ಜಾಸ್ತಿ ವ್ಯತ್ಯಾಸ ಇದ್ದರೆ ಚೆನ್ನಾಗಿದೆ, 10ಕ್ಕೆ ಇಳಿದರೆ ಅನುಮಾನ. ವಯಸ್ಸಾದವರಲ್ಲಿ ಹೇಗಿದ್ದರೂ ಕಮ್ಮಿಯಾಗುತ್ತದೆ, ಅದನ್ನು ಮರೆಯಬಾರದು. ಮಲಗಿಸಿ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಒಮ್ಮೆ ಬಿಪಿ ನೋಡುತ್ತೇನೆ. ಮೇಲಿನ ಅಂಕಿ 20 ಇಳಿದರೆ ಬೀಳುವ ಅಪಾಯವೂ ಇದೆ ಅಂತ ಮನೆಯವರಿಗೆ ಹೇಳುತ್ತೇನೆ.

ದೊಡ್ಡ ಯಂತ್ರಗಳೂ ಇವೆ. ಸುಡೋಸ್ಕ್ಯಾನ್‌ನಲ್ಲಿ ಅಂಗೈ, ಅಂಗಾಲನ್ನು ಲೋಹದ ತಟ್ಟೆ ಮೇಲೆ ಇಟ್ಟರೆ ಬೆವರಿನ ನರಗಳ ಸ್ಥಿತಿ 3 ನಿಮಿಷದಲ್ಲಿ ಗೊತ್ತಾಗುತ್ತದೆ. ಕಣ್ಣಿನ ಕಾರ್ನಿಯಾದ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡುವ ಪರೀಕ್ಷೆಯೂ ಇದೆ. ನನಗೆ ಅದೇ ಎಲ್ಲಕ್ಕಿಂತ ಚೆಂದ ಅನ್ನಿಸುತ್ತದೆ, ತಂತುಗಳು ಕಣ್ಣಿಗೇ ಕಾಣುತ್ತವಲ್ಲ. ಆದರೆ ನಮ್ಮ ಕ್ಲಿನಿಕ್‌ಗಳಲ್ಲಿ ಅಂಥ ಯಂತ್ರ ಎಲ್ಲಿ?

ಹಾನಿ ಇದೆ ಅಂತ ಗೊತ್ತಾದ ಮೇಲೆ ಕಾರಣ ಹುಡುಕಬೇಕು. ಎಲ್ಲವನ್ನೂ ಶುಗರ್ ತಲೆಗೆ ಕಟ್ಟಬಾರದು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ವಿಟಮಿನ್ ಬಿ12 ಇಳಿದಿರಬಹುದು. ಥೈರಾಯ್ಡ್, ಕುಡಿತವನ್ನೂ ವಿಚಾರಿಸುತ್ತೇನೆ. ಎರಡೂ ಪಾದ ಸಮನಾಗಿ ಉರಿಯದೆ, ಒಂದೇ ಕಡೆ ಬಣ್ಣ ಮಾಸಿ, ಬೆವರದೆ, ಬಿಸಿ ತಂಪು ತಿಳಿಯದ ಮಚ್ಚೆ ಕಂಡರೆ ಅದು ಕುಷ್ಠ ಇರಬಹುದು. ಅಂಥವರನ್ನು ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇನೆ. ಅದರ ಔಷಧಿ ಅಲ್ಲಿ ಉಚಿತ.