ನರಹುಲಿಗೆ ಬೇರಿಲ್ಲ

"ಡಾಕ್ಟರೇ, ಬೇರುಸಹಿತ ಕಿತ್ತುಹಾಕಿಬಿಡಿ." ನರಹುಲಿ ತೋರಿಸಲು ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಆಡುವ ಮಾತಿದು. ಹನುಮಂತನಗರದ ನನ್ನ ಚರ್ಮರೋಗ ಕ್ಲಿನಿಕ್ಕಿನಲ್ಲಿ ಇದನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಆದ್ದರಿಂದ ಮದ್ದಿನ ಚೀಟಿ ಬರೆಯುವ ಮೊದಲು ಈ ಬೇರಿನ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳುತ್ತೇನೆ.

ನರಹುಲಿಗೆ ಬೇರಿಲ್ಲ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಹೊರಚರ್ಮದ ಕೋಶಗಳೊಳಗೆ ಸೇರಿಕೊಂಡು ಅವು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ, ಅಷ್ಟೇ. ಹೊರಚರ್ಮ ದಾಟಿ ಆ ವೈರಸ್ ಕೆಳಗೆ ಇಳಿಯುವುದಿಲ್ಲ. ಒಳಗೆ ಕಾಣುವ ಕಪ್ಪು ಚುಕ್ಕೆಗಳನ್ನು ಬೇರಿನ ತುದಿ ಎಂದು ತೋರಿಸುತ್ತಾರಲ್ಲ, ಅವು ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಬೇರಿದೆ ಎಂದು ನಂಬಿದವರು ಬ್ಲೇಡು ಹಿಡಿದು ಆಳಕ್ಕೆ ಕೊರೆಯುತ್ತಾರೆ. ರಕ್ತ ಸುರಿಯುತ್ತದೆ, ಸುತ್ತಲಿನ ಗಾಯಗಳಿಗೆ ವೈರಸ್ ಹೊಕ್ಕುತ್ತದೆ, ಒಂದಿದ್ದ ಕಡೆ ನಾಲ್ಕಾರು ಏಳುತ್ತವೆ. ಕೆರೆದುಕೊಂಡ ಗೀರಿನ ಉದ್ದಕ್ಕೂ ಸಾಲಾಗಿ ಎದ್ದದ್ದನ್ನೂ ನೋಡಿದ್ದೇನೆ.

ಇದು ಅಂಟುವ ರೋಗ ಎಂಬುದು ಹೊಸ ಸಂಗತಿಯಲ್ಲ. ಇಟಲಿಯ ಜುಸೆಪ್ಪೆ ಚೂಫೊ 1907ರಲ್ಲೇ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ಹಾಯಲಾರದಷ್ಟು ನವಿರಾದ ಶೋಧಕದಲ್ಲಿ ಸೋಸಿ, ಆ ದ್ರವದಿಂದಲೂ ನರಹುಲಿ ಬರುತ್ತದೆ ಎಂದು ತೋರಿಸಿದ್ದ. ಆದರೆ ಎಚ್‌ಪಿವಿ ಎಂಬ ಹೆಸರು ಕೇಳಿದೊಡನೆ ತಾಯಂದಿರು ಮೊಬೈಲಿನಲ್ಲಿ ಹುಡುಕಿ, ಗರ್ಭಕಂಠದ ಕ್ಯಾನ್ಸರಿನ ಸುದ್ದಿ ಓದಿ, ನಡುಗಿಕೊಂಡು ಮತ್ತೆ ಬರುತ್ತಾರೆ. ಅವರಿಗೆ ಸಮಾಧಾನವಾಗಿ ಕೂತು ಹೇಳಲೇಬೇಕು. ಈ ವೈರಸ್ಸಿನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ನರಹುಲಿ ತರುವವು ಹೆಚ್ಚಾಗಿ 1, 2, 4, 27, 57ನೆಯ ಬಗೆಗಳು; ಮುಖದ ಮೇಲಿನ ಚಪ್ಪಟೆ ನರಹುಲಿಗೆ 3 ಮತ್ತು 10. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18 ಬೇರೆಯೇ. ಮಗನ ಬೆರಳಿನ ಗಂಟು ನೋಡಿ ಆ ಭಯ ಪಡಬೇಕಾಗಿಲ್ಲ.

"ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ವೈರಸ್ ತಾಗಿ ಗಂಟು ಕಾಣಿಸಿಕೊಳ್ಳುವ ಹೊತ್ತಿಗೆ ಎಷ್ಟೋ ಬಾರಿ ತಿಂಗಳುಗಳು ಕಳೆದಿರುತ್ತವೆ. ಪಕ್ಕದ ಮನೆಯ ಮಗುವನ್ನು ದೂರಿ ಪ್ರಯೋಜನವಿಲ್ಲ. ನೆನೆದು ಮೆತ್ತಗಾದ, ಸಣ್ಣ ಗಾಯವಿರುವ ಚರ್ಮ ವೈರಸ್ಸಿಗೆ ಸುಲಭದ ದಾರಿ. ಈಜುಕೊಳದ ಒದ್ದೆ ಅಂಚಿನಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳು, ಉಗುರು ಕಚ್ಚುವವರು, ಗಾಂಧಿ ಬಜಾರಿನಲ್ಲಿ ಇಡೀ ದಿನ ಒದ್ದೆ ಹೂವಿನಲ್ಲಿ ಕೈಯಾಡಿಸುವ ಹೆಣ್ಣುಮಕ್ಕಳು, ಇವರಿಗೆಲ್ಲ ಅಪಾಯ ಹೆಚ್ಚು. ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುವವರ ಕೈಯಲ್ಲಿ 7ನೆಯ ಬಗೆ ವಿಶೇಷವಾಗಿ ಕಾಣುತ್ತದೆ. ಅದು ಪ್ರಾಣಿಯಿಂದ ಬರುವುದಲ್ಲ, ಮನುಷ್ಯರದೇ ವೈರಸ್. ಗಡ್ಡದ ಜಾಗದಲ್ಲಿ ನರಹುಲಿ ಇದ್ದವರಿಗೆ ಕ್ಷೌರದ ಬ್ಲೇಡು ಕೆಲಕಾಲ ಬಿಡಿ ಎನ್ನುತ್ತೇನೆ.

ಮನೆಮದ್ದಿನ ವಿಷಯದಲ್ಲಿ ನನಗೆ ಎಲ್ಲದರ ಮೇಲೂ ಕೋಪವಿಲ್ಲ. ದೇವರಿಗೆ ಉಪ್ಪು ಮೆಣಸು ಹರಕೆ ಹೊತ್ತು ಬಂದವರಿಗೆ ನಾನು ಬೇಡ ಎಂದಿಲ್ಲ. ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಎರಡು ವರ್ಷಗಳೊಳಗೆ ತಾವಾಗಿಯೇ ಹೋಗುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆ ವೈರಸ್ಸನ್ನು ಗುರುತು ಹಿಡಿದ ದಿನ ಅದರ ಕಥೆ ಮುಗಿಯುತ್ತದೆ. ನೋವಿಲ್ಲದ, ಹರಡದ ಒಂದೆರಡು ನರಹುಲಿ ಇರುವ ಮಗುವಿಗೆ "ಕಾಯೋಣ" ಎಂದು ಹೇಳುವುದೂ ಚಿಕಿತ್ಸೆಯೇ. ಆದರೆ ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಅದು ನರಹುಲಿಗೂ ಒಳ್ಳೆಯ ಚರ್ಮಕ್ಕೂ ಭೇದ ತಿಳಿಯದ ಕ್ಷಾರ. ಸುಟ್ಟ ಗಾಯ ಮಾಯ್ದರೂ ಕಲೆ ಜೀವನಪರ್ಯಂತ ಉಳಿಯುತ್ತದೆ. ಕುದುರೆ ಬಾಲದ ಕೂದಲು ಬಿಗಿದು ಕೀವು ತುಂಬಿಸಿಕೊಂಡು ಬಂದವರನ್ನೂ ನೋಡಿದ್ದೇನೆ.

ಇನ್ನು ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವ ಮದ್ದಿನ ಮಾತು. ಸ್ಯಾಲಿಸಿಲಿಕ್ ಆಮ್ಲ ಮತ್ತು ಲ್ಯಾಕ್ಟಿಕ್ ಆಮ್ಲ, ಎರಡೂ ಸುಮಾರು ಶೇ 17ರಷ್ಟು ಇರುವ, ಹಚ್ಚಿದರೆ ಪದರದಂತೆ ಒಣಗುವ ದ್ರಾವಣ. ದುಬಾರಿಯಲ್ಲ. ಎಷ್ಟೋ ಜನ "ಅದನ್ನು ಹಚ್ಚಿದೆ, ಏನೂ ಆಗಲಿಲ್ಲ" ಎನ್ನುತ್ತಾರೆ. ಹೇಗೆ ಹಚ್ಚಿದಿರಿ ಎಂದು ವಿಚಾರಿಸಿದರೆ, ಒಣ ಚರ್ಮದ ಮೇಲೆ, ನೆನಪಾದಾಗ, ಹದಿನೈದು ದಿನ. ಅದರಿಂದ ಫಲ ಬಾರದು.

ಹೀಗಾಗಿ ಮೊದಲ ಭೇಟಿಯಲ್ಲೇ ಎದುರಿಗೆ ಕೂರಿಸಿಕೊಂಡು ಮಾಡಿ ತೋರಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಆ ಜಾಗವನ್ನು ಐದು ನಿಮಿಷವಾದರೂ ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಒರೆಸಿ, ಮೆತ್ತಗಾಗಿ ಬೆಳ್ಳಗಾದ ಸತ್ತ ಚರ್ಮವನ್ನು ಉಗುರು ಉಜ್ಜುವ ಪಟ್ಟಿಯಿಂದ ಮೆಲ್ಲಗೆ ತಿಕ್ಕಿ ತೆಗೆಯಬೇಕು. ರಕ್ತ ಬರುವ ಮೊದಲು ನಿಲ್ಲಿಸಬೇಕು. ಆ ಪಟ್ಟಿ ನರಹುಲಿಗೆ ಮಾತ್ರ ಮೀಸಲು. ಅದೇ ಪಟ್ಟಿಯನ್ನು ಮನೆಯವರು ಉಗುರಿಗೆ ಬಳಸಿದರೆ ವೈರಸ್ಸನ್ನು ಹಂಚಿದಂತೆ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ, ನರಹುಲಿಯ ಮೇಲೆ ಮಾತ್ರ ಒಂದು ಹನಿ ಮದ್ದು ಇಟ್ಟು ಒಣಗಲು ಬಿಡಬೇಕು. ಅಂಗಾಲಿನದಾದರೆ ಮೇಲೆ ಪ್ಲಾಸ್ಟರ್ ಅಂಟಿಸಿದರೆ ಮದ್ದು ಚೆನ್ನಾಗಿ ಇಳಿಯುತ್ತದೆ. ಉರಿ ಹೆಚ್ಚಾದರೆ ಎರಡು ದಿನ ಬಿಟ್ಟು ಮತ್ತೆ ಶುರು ಮಾಡಬಹುದು. ಹೀಗೆ ಹನ್ನೆರಡು ವಾರ. ಈ ಗಡುವನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮೂರನೆಯ ವಾರಕ್ಕೆ ಸೀಸೆ ಮೂಲೆ ಸೇರುತ್ತದೆ.

ಯಾವಾಗ ನಿಲ್ಲಿಸುವುದು? ಬೆರಳಚ್ಚಿನ ಗೆರೆಗಳನ್ನು ಗಮನಿಸಿ. ನರಹುಲಿ ಇರುವಲ್ಲಿ ಚರ್ಮದ ಗೆರೆಗಳು ತುಂಡಾಗಿ ಪಕ್ಕಕ್ಕೆ ಸರಿದಿರುತ್ತವೆ. ಅವು ಮತ್ತೆ ಅಡ್ಡಲಾಗಿ ಕೂಡಿಕೊಂಡು, ಕಪ್ಪು ಚುಕ್ಕೆ ಮಾಯವಾದರೆ ಗುಣವಾಯಿತೆಂದು ಅರ್ಥ. ಅಂಗಾಲಿನ ಆಣಿಗೂ ನರಹುಲಿಗೂ ವ್ಯತ್ಯಾಸ ತಿಳಿಯುವುದೂ ಇದರಿಂದಲೇ: ಆಣಿಯ ಮೇಲೆ ಗೆರೆಗಳು ಹಾಗೆಯೇ ಹಾಯುತ್ತವೆ. ಆಣಿ ನೇರವಾಗಿ ಒತ್ತಿದರೆ ನೋಯುತ್ತದೆ, ನರಹುಲಿ ಎರಡು ಪಕ್ಕದಿಂದ ಹಿಂಡಿದರೆ ಹೆಚ್ಚು ನೋಯುತ್ತದೆ.

ಈ ಮದ್ದನ್ನು ಮುಖಕ್ಕೆ, ಜನನಾಂಗಕ್ಕೆ, ಮಚ್ಚೆಗೆ ಹಚ್ಚಕೂಡದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ನಮ್ಮ ಊರಿನಲ್ಲಿ ಮನೆಮನೆಯಲ್ಲೂ ಇದ್ದಾರೆ. ಅವರು ಪಾದಕ್ಕೆ ಯಾವ ಆಮ್ಲವನ್ನೂ ತಾವಾಗಿ ಹಚ್ಚಬಾರದು. ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ದ್ರಾವಣಕ್ಕೆ ಬಗ್ಗದಿದ್ದರೆ ದ್ರವ ಸಾರಜನಕ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ಅದನ್ನು ಸಿಂಪಡಿಸಿ, ನರಹುಲಿಯ ಸುತ್ತ ಒಂದೆರಡು ಮಿಲಿಮೀಟರಿನಷ್ಟು ಬಿಳಿ ಅಂಚು ಕಟ್ಟುವವರೆಗೆ ಹೆಪ್ಪುಗಟ್ಟಿಸುತ್ತೇನೆ. ಬೊಬ್ಬೆ ಏಳಬಹುದು. ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮಾಡಬೇಕು. ನಮ್ಮ ಮೈಬಣ್ಣಕ್ಕೆ ಇದು ಕಪ್ಪು ಅಥವಾ ಬಿಳಿ ಕಲೆ ಬಿಡಬಹುದು, ಆ ಮಾತನ್ನು ಮೊದಲೇ ತಿಳಿಸದೆ ನಾನು ಕೈ ಹಚ್ಚುವುದಿಲ್ಲ. ಸಣ್ಣ ಮಕ್ಕಳಿಗೆ ಈ ನೋವು ಕೊಡಲು ನನಗೆ ಮನಸ್ಸೇ ಬರುವುದಿಲ್ಲ. ವಿದ್ಯುತ್ತಿನಿಂದ ಸುಡುವ ವಿಧಾನವನ್ನು ಅಂಗಾಲಿಗೆ ಬಳಸುವುದನ್ನು ತಪ್ಪಿಸುತ್ತೇನೆ: ಅಲ್ಲಿ ಕಲೆಗಟ್ಟಿದರೆ ಹೆಜ್ಜೆ ಹೆಜ್ಜೆಗೂ ನೋವು. ಸುಡುವಾಗಿನ ಹೊಗೆಯಲ್ಲೂ ವೈರಸ್ಸಿನ ಡಿಎನ್‌ಎ ಸಿಗುತ್ತದೆ. ಆದ್ದರಿಂದ ಮುಖಗವಸು, ಹೊಗೆ ಹೀರುವ ಯಂತ್ರ ಎರಡೂ ಬೇಕು.

ಹತ್ತಾರು ಕಡೆ ಹರಡಿದವರಿಗೆ ನನ್ನನ್ನು ಇಂದಿಗೂ ಬೆರಗಾಗಿಸುವ ಚಿಕಿತ್ಸೆಯೊಂದಿದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಒಂದು ನರಹುಲಿಯೊಳಗೆ ಸ್ವಲ್ಪ ಚುಚ್ಚಿದರೆ, ಕೆಲವರಲ್ಲಿ ದೇಹ ಎಚ್ಚೆತ್ತು ದೂರದ ಬೆರಳಿನವನ್ನೂ ಉದುರಿಸುತ್ತದೆ. ದಾವಣಗೆರೆಯ ಚರ್ಮವೈದ್ಯರು 2009ರಲ್ಲಿ ರೋಗಿಯದೇ ನರಹುಲಿಯ ಚೂರನ್ನು ಅವರ ತೋಳಿನ ಚರ್ಮದಡಿ ಇಟ್ಟು ಪಡೆದ ಫಲವನ್ನು ಪ್ರಕಟಿಸಿದರು. ನಮ್ಮದೇ ರಾಜ್ಯದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಆದ ಕೆಲಸವೆಂದು ನನಗೆ ಅದರ ಮೇಲೆ ವಿಶೇಷ ಅಭಿಮಾನ. ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಎಂಎಂಆರ್ ಕೊಡುವುದಿಲ್ಲ, ಅದು ಜೀವಂತ ಲಸಿಕೆ.

ಕೊನೆಗೊಂದು ಎಚ್ಚರಿಕೆಯನ್ನು ಮನೆಯ ಹಿರಿಯರಿಗಾಗಿ ಹೇಳಬೇಕು. ವಯಸ್ಸಾದವರ ಒಂದೇ ಉಗುರಿನ ಪಕ್ಕದಲ್ಲಿ ನರಹುಲಿಯಂಥದ್ದು ಎದ್ದು, ತಿಂಗಳುಗಟ್ಟಲೆ ಮದ್ದು ಹಚ್ಚಿದರೂ ಮಾಯದೆ, ಒಸರುತ್ತಲೋ ಉಗುರನ್ನು ಎತ್ತುತ್ತಲೋ ಇದ್ದರೆ, ನಾನು ಇನ್ನೊಂದು ಸೀಸೆ ಬರೆಯುವುದಿಲ್ಲ. ಅದು ಚರ್ಮದ ಕ್ಯಾನ್ಸರ್ ಆಗಿರಬಹುದು; ಚೂರು ಮಾಂಸ ತೆಗೆದು ಅದೇ ವಾರ ಬಯಾಪ್ಸಿಗೆ ಕಳುಹಿಸುತ್ತೇನೆ.