ಪಿಜಿಫಿಕ್ಸ್‌ಗೆ ಯೆಸ್ ಹಾಕುವ ಮುಂಚೆ

"ಅಕ್ಕಾ, ಎಲ್ಲಾ ಪೂಲಿಗೂ ಪಿಜಿಫಿಕ್ಸ್ ಯೆಸ್ ಹಾಕೀನ್ರಿ, ಏನೂ ತ್ರಾಸ್ ಆಗಿಲ್ಲ" ಎಂದು ಹುಡುಗ ಖುಷಿಯಿಂದ ಫೋನ್ ಮಾಡಿದ್ದ. ನಮ್ಮ ಕಲಬುರಗಿಯವನೇ, ಹೈದರಾಬಾದ್‌ನಲ್ಲಿ ಮೇನ್‌ಫ್ರೇಮ್ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಪೂಲ್ ಅಂದರೆ ಡಿಬಿ2 ಡೇಟಾಬೇಸ್ ಡಿಸ್ಕ್‌ನಿಂದ ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿ, ಪಿಜಿಫಿಕ್ಸ್ ಅಂದರೆ ಆ ಮೆಮೊರಿಯನ್ನು ಅಲುಗಾಡದಂತೆ ಹಿಡಿದಿಡುವ ಸೆಟ್ಟಿಂಗ್. ತ್ರಾಸ್ ಆಗಿದ್ದು ಮೂರು ವಾರ ಬಿಟ್ಟು. ಭಾನುವಾರ ರಾತ್ರಿ ಡಿಬಿ2 ನಿಲ್ಲಿಸಿ ಮತ್ತೆ ಶುರು ಮಾಡಿದ್ದರು. ಸೋಮವಾರ ಬೆಳಿಗ್ಗೆ ಜನ ಕೆಲಸಕ್ಕೆ ಕೂತು ಪೂಲ್‌ಗಳು ತುಂಬುತ್ತಾ ಹೋದಂತೆ ಕನ್ಸೋಲ್ ಮೇಲೆ ಐಆರ್‌ಎ400ಇ ಮೆಸೇಜ್ ಬಂತು. ಪೇಜ್ ಔಟ್ ಮಾಡಬಹುದಾದ, ಅಂದರೆ ಬೇಕಾದಾಗ ಡಿಸ್ಕ್‌ಗೆ ತಳ್ಳಬಹುದಾದ ಮೆಮೊರಿ ಸಾಲುತ್ತಿಲ್ಲ ಅಂತ ಅದರ ಅರ್ಥ. ಅಷ್ಟೊತ್ತಿಗೆ ಹುಡುಗನಿಗೆ ತಾನು ಯೆಸ್ ಹಾಕಿದ್ದೇ ಮರೆತುಹೋಗಿತ್ತು.

ಇಂಥ ಫೋನ್ ನನಗೆ ಇದೇ ಮೊದಲಲ್ಲ. ಕಮಾಂಡ್ ಒಂದೇ ಸಾಲು, ಹಾಗಾಗಿ ಕೆಲಸವೂ ಒಂದೇ ಸಾಲಿನದು ಅಂದುಕೊಳ್ಳುತ್ತಾರೆ. ಮಾಡುವುದು ಹೇಗೆ ಅಂತ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಫಿಕ್ಸ್ ಅಂದರೇನು. ನಮ್ಮ ಗಂಜ್‌ನಲ್ಲಿ ತೊಗರಿ ಚೀಲ ಒಂದೇ ಜಾಗದಲ್ಲಿ ಇರಲ್ಲ, ಜಾಗ ಬೇಕಾದಾಗ ಹಮಾಲರು ಸರಿಸುತ್ತಾರೆ. ಲಾರಿಗೆ ತುಂಬುವ ಹೊತ್ತಿಗೆ ಮಾತ್ರ "ಈ ಚೀಲ ಮುಟ್ಟಬ್ಯಾಡ್ರಿ" ಅನ್ನಬೇಕು, ತುಂಬಿದ ಮೇಲೆ "ಈಗ ಸರಸ್ರಿ" ಅನ್ನಬೇಕು. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಜೆಡ್ ಓಎಸ್ ಮಾಡುವುದೂ ಇದನ್ನೇ. ಡಿಸ್ಕ್‌ನಿಂದ ಓದುವಾಗ, ಡಿಸ್ಕ್‌ಗೆ ಬರೆಯುವಾಗ ಆ ಬಫರ್ (ಪೂಲ್‌ನಲ್ಲಿ ಒಂದು ಪೇಜ್ ಹಿಡಿಯುವ ಜಾಗ) ಅಲುಗಾಡಬಾರದು, ಯಾಕಂದರೆ ಡಿಸ್ಕ್‌ಗೂ ಮೆಮೊರಿಗೂ ನಡುವೆ ಡೇಟಾ ಸಾಗಿಸುವ ಚಾನೆಲ್‌ಗೆ ಗೊತ್ತಿರುವುದು ನಿಜವಾದ ಮೆಮೊರಿಯ ವಿಳಾಸ ಮಾತ್ರ. ಹಾಗಾಗಿ ಪ್ರತಿ ಐಓಗೂ, ಅಂದರೆ ಪ್ರತಿ ಓದು ಬರಹಕ್ಕೂ, ಮುಂಚೆ ಫಿಕ್ಸ್, ಆಮೇಲೆ ಅನ್‌ಫಿಕ್ಸ್. ಗಂಟೆಗೆ ಲಕ್ಷಗಟ್ಟಲೆ ಐಓ ಇರುವ ಕಡೆ ಈ ಕೂಗಾಟಕ್ಕೇ ಎಷ್ಟೊಂದು ಸಿಪಿಯು ಹೋಗುತ್ತದೆ. ಪಿಜಿಫಿಕ್ಸ್ ಯೆಸ್ ಅಂದರೆ ಒಮ್ಮೆ ಇಟ್ಟ ಚೀಲ ಅಲ್ಲೇ, ಯಾರೂ ಮುಟ್ಟುವಂತಿಲ್ಲ. ಡಿಬಿ2 ವರ್ಷನ್ 8ರಿಂದ ಈ ಸೌಲಭ್ಯ ಇದೆ.

1. ಮೆಮೊರಿ ಎಣಿಸಿ

ಎಲ್ಲರೂ ಎಡವುವುದು ಇಲ್ಲೇ. ಡಿಸ್‌ಪ್ಲೇ ಎಂ=ಸ್ಟೋರ್ ಕೊಟ್ಟರೆ ಎಲ್‌ಪಾರ್‌ಗೆ (ಮೇನ್‌ಫ್ರೇಮ್‌ನಲ್ಲಿ ಪಾಲು ಮಾಡಿ ಕೊಟ್ಟ ಒಂದು ಭಾಗ) ಒಟ್ಟು ಎಷ್ಟು ಮೆಮೊರಿ ಅಂತ ಬರುತ್ತದೆ. 64 ಜಿಬಿ ಇದೆ, ನನ್ನ ಪೂಲ್‌ಗಳು ಎಲ್ಲಾ ಸೇರಿ 30 ಜಿಬಿ, ಅರ್ಧಕ್ಕಿಂತ ಕಮ್ಮಿ, ಆರಾಮ್ ಅಂತ ಹುಡುಗ ಲೆಕ್ಕ ಹಾಕಿದ್ದ. ಅದೇ ಎಲ್‌ಪಾರ್‌ನಲ್ಲಿ ಇನ್ನೊಂದು ಡಿಬಿ2 ಇತ್ತು, ಅದರ ಪೂಲ್‌ಗಳೂ ಫಿಕ್ಸ್ ಆಗಿದ್ದವು. ಅದು ಬೇರೆ ತಂಡದ್ದು, ಇವನು ಕೇಳಿರಲಿಲ್ಲ.

ಒಟ್ಟು ಎಷ್ಟಿದೆ ಅನ್ನುವುದಕ್ಕಿಂತ ಖಾಲಿ ಎಷ್ಟಿದೆ, ಈಗಾಗಲೇ ಫಿಕ್ಸ್ ಆಗಿರುವುದು ಎಷ್ಟು ಅನ್ನುವುದು ಮುಖ್ಯ. ಸಿಸ್ಟಮ್ ಅಳೆಯುವ ಟೂಲ್ ಆರ್‌ಎಂಎಫ್‌ನ ಪೇಜಿಂಗ್ ಆಕ್ಟಿವಿಟಿ ರಿಪೋರ್ಟ್ ತೆಗೆಯಿರಿ, ಎರಡೂ ಅದರಲ್ಲಿ ಸಿಗುತ್ತವೆ. ಖಾಲಿ ಫ್ರೇಮ್‌ಗಳ (ಮೆಮೊರಿಯ ತುಂಡುಗಳ) ಸರಾಸರಿ ನೋಡಬೇಡಿ, ಅತಿ ಕಮ್ಮಿ ಎಷ್ಟಕ್ಕೆ ಇಳಿದಿತ್ತು ಅದನ್ನು ನೋಡಿ. ಅದೂ ತಿಂಗಳ ಕೊನೆಯ ದಿನದ್ದು. ಭಾನುವಾರ ಮಧ್ಯಾಹ್ನದ ರಿಪೋರ್ಟ್ ಹಿಡಿದುಕೊಂಡು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಐಇಎ ಆಪ್ಟ್ ಅನ್ನುವ ಸಿಸ್ಟಮ್ ಸೆಟ್ಟಿಂಗ್‌ಗಳಲ್ಲಿ ಎಂಸಿಸಿಎಫ್‌ಎಕ್ಸ್‌ಟಿಪಿಆರ್ ಅಂತ ಒಂದು ಮಿತಿ ಇದೆ, ಯಾರೂ ಬದಲಿಸಿರದಿದ್ದರೆ 80. ಅಂದರೆ ಇರುವ ಮೆಮೊರಿಯಲ್ಲಿ ನೂರಕ್ಕೆ 80 ಭಾಗ ಫಿಕ್ಸ್ ಆದರೆ ಸಿಸ್ಟಮ್ ಕೂಗಲು ಶುರು ಮಾಡುತ್ತದೆ. 64 ಜಿಬಿಯಲ್ಲಿ ಅದು ಸುಮಾರು 51 ಜಿಬಿ. ನಾನಂತೂ ಆ ಗೆರೆಯ ಹತ್ತಿರ ಕೂಡ ಹೋಗುವುದಿಲ್ಲ. ಒಂದು ಡಂಪ್ (ತೊಂದರೆ ಆದಾಗ ತೆಗೆಯುವ ಮೆಮೊರಿಯ ನಕಲು) ಬಿದ್ದರೆ ಅದಕ್ಕೂ ಮೆಮೊರಿ ಬೇಕು, ಡಂಪ್ ಬೀಳುವುದು ಯಾವಾಗಲೂ ಕೆಟ್ಟ ದಿನವೇ ಅಲ್ವಾ.

ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳಿದ. ಪೂಲ್ ಮೊದಲೇ ಮೆಮೊರಿಯಲ್ಲೇ ಕೂತಿತ್ತಲ್ಲ, ಫಿಕ್ಸ್ ಮಾಡಿದರೆ ಹೊಸದಾಗಿ ಜಾಸ್ತಿ ಏನು ಬೇಕು? ಜಾಸ್ತಿ ಬೇಕಾಗದೇ ಇರಬಹುದು. ಆದರೆ ಮೊದಲು ಇಕ್ಕಟ್ಟು ಬಂದಾಗ ಪೂಲ್‌ನ ಒಂದಿಷ್ಟನ್ನು ಡಿಸ್ಕ್‌ಗೆ ತಳ್ಳಿ ಸಿಸ್ಟಮ್ ಹೇಗೋ ನಿಭಾಯಿಸುತ್ತಿತ್ತು. ಈಗ ಅದನ್ನು ಮುಟ್ಟುವಂತಿಲ್ಲ. ತಳ್ಳುವುದಾದರೆ ಬ್ಯಾಚ್ ಜಾಬ್‌ಗಳನ್ನು, ಆನ್‌ಲೈನ್ ಟ್ರಾನ್ಸಾಕ್ಷನ್ ನಡೆಸುವ ಸಿಐಸಿಎಸ್ ರೀಜನ್‌ಗಳನ್ನು ತಳ್ಳಬೇಕು. ತಪ್ಪು ಡಿಬಿ2 ಕಡೆ, ಬೈಗುಳ ಸಿಐಸಿಎಸ್‌ನವರಿಗೆ.

2. ಪೂಲ್ ಆರಿಸಿ

ಎಲ್ಲಾ ಪೂಲಿಗೂ ಬೇಡ. ಡಿಸ್‌ಪ್ಲೇ ಬಫರ್‌ಪೂಲ್ ಕಮಾಂಡನ್ನು ಡಿಟೇಲ್ ಇಂಟರ್ವಲ್ ಜೊತೆ ಕೊಟ್ಟು, ಓದಿದ ಪೇಜ್ ಮತ್ತು ಬರೆದ ಪೇಜ್ ಕೂಡಿಸಿ, ಪೂಲ್‌ನ ಬಫರ್ ಸಂಖ್ಯೆಯಿಂದ ಭಾಗಿಸಿ. 1 ಲಕ್ಷ ಬಫರ್ ಇರುವ ಪೂಲ್ ಗಂಟೆಗೆ 20 ಲಕ್ಷ ಪೇಜ್ ಓಡಿಸುತ್ತಿದ್ದರೆ ಬಫರ್‌ಗೆ 20. ಇನ್ನೊಂದು ಪೂಲ್‌ನಲ್ಲಿ 2 ಲಕ್ಷ ಬಫರ್, ಓಡುವುದು 1 ಲಕ್ಷ ಪೇಜ್, ಅಂದರೆ ಅರ್ಧ. ಮೊದಲನೆಯದಕ್ಕೆ ಯೆಸ್ ಹಾಕಿ, ಎರಡನೆಯದನ್ನು ಸುಮ್ನೆ ಬಿಡಿ. ಸಿಕ್ಕಿದ್ದಕ್ಕೆಲ್ಲ ಯೆಸ್ ಹಾಕಿ ಎಂದು ಸಲಹೆ ಕೊಡುವ ಟ್ಯೂನಿಂಗ್ ಟೂಲ್ ಒಂದನ್ನು ನಾನು ಒಂದು ಕಡೆ ನೋಡಿದ್ದೇನೆ. ಪಕ್ಕದ ಡಿಬಿ2 ಇದೆ ಅಂತಲೂ ಅದಕ್ಕೆ ಗೊತ್ತಿರಲಿಲ್ಲ. ಅಂಥದ್ದಕ್ಕೆ ದುಡ್ಡು ಕೊಡುವುದಕ್ಕಿಂತ ಕ್ಯಾಲ್ಕುಲೇಟರ್ ವಾಸಿ.

3. ದೊಡ್ಡ ಫ್ರೇಮ್

ಫಿಕ್ಸ್ ಮಾಡಿದ ಮೇಲೆ 1 ಎಂಬಿ ಫ್ರೇಮ್ ಕೂಡ ಕೊಡಿ, ಆಗಲೇ ಪೂರ್ತಿ ಲಾಭ. ಒಂದು 1 ಎಂಬಿ ಫ್ರೇಮ್ ಅಂದರೆ 256 ಪುಟ್ಟ 4 ಕೆಬಿ ಫ್ರೇಮ್, 256 ವಿಳಾಸ ಹುಡುಕುವ ಬದಲು ಒಂದೇ ಹುಡುಕಿದರೆ ಆಯಿತು. ವಿಪಿಸೈಜ್ (ಪೂಲ್‌ನಲ್ಲಿ ಎಷ್ಟು ಬಫರ್ ಅನ್ನುವ ಸಂಖ್ಯೆ) ಹಾಕುವಾಗ 256ರಿಂದ ಭಾಗವಾಗುವ ಸಂಖ್ಯೆ ಹಾಕಿ. 10 ಲಕ್ಷದ ಬದಲು 10,00,192 ಹಾಕಿದರೆ ಸರಿಯಾಗಿ 3,907 ಫ್ರೇಮ್. 32 ಕೆಬಿ ಪೂಲ್ ಆದರೆ 32ರಿಂದ ಭಾಗವಾದರೆ ಸಾಕು. 2 ಜಿಬಿ ಫ್ರೇಮ್ ಕೂಡ ಡಿಬಿ2 11ರಿಂದ ಇದೆ, ಆದರೆ ಪೂಲ್ ಹತ್ತಾರು ಜಿಬಿ ಇಲ್ಲದಿದ್ದರೆ ಅದರ ಗೋಜಿಗೆ ಹೋಗಬೇಡಿ.

ಇದಕ್ಕೆ ಸಿಸ್ಟಮ್ ಶುರುವಾಗುವಾಗ ಓದುವ ಐಇಎಸಿಸ್‌ನಲ್ಲಿ ಎಲ್‌ಎಫ್‌ಏರಿಯಾ (ದೊಡ್ಡ ಫ್ರೇಮ್‌ಗಳಿಗೆ ಮೀಸಲಿಟ್ಟ ಜಾಗ) ಇಟ್ಟಿರಬೇಕು, ಅದನ್ನು ಬದಲಿಸಿದರೆ ಐಪಿಎಲ್ ಬೇಕು (ಕ್ರಿಕೆಟ್‌ದಲ್ಲ, ಇಡೀ ಸಿಸ್ಟಮ್ ಮತ್ತೆ ಶುರು ಮಾಡುವುದು). ಆದ್ದರಿಂದ ಸಿಸ್ಟಮ್ ಪ್ರೋಗ್ರಾಮರ್‌ಗೆ ಒಂದು ತಿಂಗಳು ಮುಂಚೆಯೇ ಹೇಳಿಡಿ. ಜಾವಾದವರೂ ಅದೇ ಜಾಗ ಬಳಸುತ್ತಿರಬಹುದು, ಡಿಸ್‌ಪ್ಲೇ ವರ್ಟ್‌ಸ್ಟೋರ್, ಎಲ್‌ಎಫ್‌ಏರಿಯಾ ಕೊಟ್ಟು ಎಷ್ಟು ಬಳಕೆಯಲ್ಲಿದೆ ನೋಡಿಕೊಳ್ಳಿ. ಜಾಗ ಸಾಲದಿದ್ದರೆ ಡಿಬಿ2 ಗಲಾಟೆ ಮಾಡಲ್ಲ, ಸದ್ದಿಲ್ಲದೆ 4 ಕೆಬಿ ಫ್ರೇಮ್ ತಗೊಂಡು ಮುಂದೆ ಹೋಗುತ್ತದೆ. ಸಿಕ್ಕಿತು ಅಂತ ನೀವು ಅಂದುಕೊಂಡಿರುತ್ತೀರಿ.

4. ಕಮಾಂಡ್, ಮತ್ತು ಕರೆಂಟ್

ಆಲ್ಟರ್ ಬಫರ್‌ಪೂಲ್, ಪೂಲ್ ಹೆಸರು, ಪಿಜಿಫಿಕ್ಸ್ ಯೆಸ್, ಫ್ರೇಮ್‌ಸೈಜ್ 1ಎಂ. ಅಷ್ಟೇ. ಡೇಟಾ ಶೇರಿಂಗ್ (ಹಲವು ಡಿಬಿ2 ಸೇರಿ ಒಂದೇ ಡೇಟಾ ಬಳಸುವುದು) ಇದ್ದರೆ ಪ್ರತಿ ಮೆಂಬರ್‌ನಲ್ಲೂ ಬೇರೆ ಬೇರೆ ಕೊಡಬೇಕು.

ಕೊಟ್ಟ ತಕ್ಷಣ ಏನೂ ಆಗುವುದಿಲ್ಲ. ಹುಡುಗನಿಗೆ ಸ್ಕ್ರೀನ್ ಶೇರ್ ಮಾಡಲು ಹೇಳಿ ಡಿಸ್‌ಪ್ಲೇ ಕೊಡಿಸಿದೆ. ಡಿಎಸ್‌ಎನ್‌ಬಿ406ಐ ಸಾಲಿನಲ್ಲಿ ಎರಡು ಪದ ಪಕ್ಕಪಕ್ಕ ಇರುತ್ತವೆ, ಕರೆಂಟ್ (ಈಗ ಜಾರಿಯಲ್ಲಿರುವುದು) ಅಂತ ಒಂದು, ಪೆಂಡಿಂಗ್ (ಜಾರಿಗೆ ಕಾಯುತ್ತಿರುವುದು) ಅಂತ ಇನ್ನೊಂದು. ಕಮಾಂಡ್ ಕೊಟ್ಟ ದಿನ ಕರೆಂಟ್ ನೋ, ಪೆಂಡಿಂಗ್ ಯೆಸ್ ಇರುತ್ತದೆ. ಪೂಲ್ ಮತ್ತೆ ಅಲೊಕೇಟ್ ಆಗುವವರೆಗೆ, ಅಂದರೆ ಸಾಮಾನ್ಯವಾಗಿ ಮುಂದಿನ ಸಲ ಡಿಬಿ2 ಶುರುವಾಗುವವರೆಗೆ, ಅದು ಹಾಗೇ ಕಾಯುತ್ತಾ ಕೂರುತ್ತದೆ. ಅದಕ್ಕೇ ಮೂರು ವಾರ ಏನೂ ಆಗಿರಲಿಲ್ಲ.

ವಿಪಿಸೈಜ್ ಸೊನ್ನೆ ಮಾಡಿ ಮತ್ತೆ ಹಳೇ ಸಂಖ್ಯೆ ಹಾಕಿದರೆ ರೀಸ್ಟಾರ್ಟ್ ಇಲ್ಲದೆ ಆಗುತ್ತದೆ ಅಂತ ಒಂದು ಅಡ್ಡದಾರಿ ಇದೆ. ಆಗುತ್ತದೆ, ಸುಳ್ಳಲ್ಲ. ಆದರೆ ಆ ಪೂಲ್ ಬಳಸುವ ಎಲ್ಲಾ ಟೇಬಲ್‌ಸ್ಪೇಸ್, ಇಂಡೆಕ್ಸ್ ಮೊದಲು ನಿಲ್ಲಿಸಬೇಕು, ಕ್ಯಾಟಲಾಗ್ (ಡಿಬಿ2 ತನಗಾಗಿ ಇಟ್ಟುಕೊಳ್ಳುವ ಪಟ್ಟಿ) ಇರುವ ಬಿಪಿ0 ಪೂಲ್‌ಗೆ ಇದು ನಡೆಯುವುದೇ ಇಲ್ಲ. ಟೆಸ್ಟ್‌ನಲ್ಲಿ ಏನಾದರೂ ಮಾಡಿಕೊಳ್ಳಿ. ಪ್ರೊಡಕ್ಷನ್‌ನಲ್ಲಿ ರೀಸ್ಟಾರ್ಟ್‌ಗೆ ಕಾಯಿರಿ, ರೀಸ್ಟಾರ್ಟ್ ದಿನಾಂಕದ ಪಕ್ಕದಲ್ಲೇ ಈ ಬದಲಾವಣೆಯನ್ನು ಬರೆದಿಡಿ.

ಇನ್ನೊಂದು ವಿಷಯ. ಇಕ್ಕಟ್ಟಿಗೆ ಸಿಕ್ಕಾಗ ಎಲ್ಲರೂ ಮೊದಲು ಮಾಡುವುದು ಪಿಜಿಫಿಕ್ಸ್ ನೋ ಹಾಕುವುದು. ಅದೂ ಪೆಂಡಿಂಗ್‌ಗೇ ಹೋಗುತ್ತದೆ! ಆ ಸೋಮವಾರ ಹುಡುಗ ಎರಡು ಸಲ ಹಾಕಿ, ಯಾಕೆ ಕೇಳ್ತಿಲ್ಲ ಅಂತ ತಲೆ ಕೆಡಿಸಿಕೊಂಡು ಕೂತಿದ್ದ. ತಕ್ಷಣ ಕೆಲಸ ಮಾಡುವುದು ವಿಪಿಸೈಜ್ ಕಮ್ಮಿ ಮಾಡುವುದು. ಐಓ ಕಮ್ಮಿ ಇದ್ದ ಎರಡು ದೊಡ್ಡ ಪೂಲ್‌ಗಳನ್ನು ಅರ್ಧಕ್ಕೆ ಇಳಿಸಿದೆವು, ಸಿಸ್ಟಮ್ ಉಸಿರಾಡಿತು.

5. ನೋಡಿ

ರೀಸ್ಟಾರ್ಟ್ ಆದ ಮೇಲೆ ಕರೆಂಟ್ ಯೆಸ್ ಇದೆಯಾ ನೋಡಿ. ಜೊತೆಗೆ ಡಿಎಸ್‌ಎನ್‌ಬಿ546ಐ ಸಾಲು ನೋಡಿ, ಯಾವ ಅಳತೆಯ ಫ್ರೇಮ್‌ನಲ್ಲಿ ಎಷ್ಟು ಬಫರ್ ಕೂತಿವೆ ಅಂತ ಅದು ಹೇಳುತ್ತದೆ. ಲಾಭವನ್ನು ರೆಸ್ಪಾನ್ಸ್ ಟೈಮ್‌ನಲ್ಲಿ ಹುಡುಕಬೇಡಿ, ಸಿಪಿಯುನಲ್ಲಿ ಹುಡುಕಿ. ಪ್ರೋಗ್ರಾಮ್ ಕಾದು ನಿಂತು ಓದುವ ಐಓದ ಉಳಿತಾಯ ಟ್ರಾನ್ಸಾಕ್ಷನ್ ಲೆಕ್ಕದಲ್ಲಿ ಕಾಣುತ್ತದೆ, ಪ್ರೀಫೆಚ್ (ಬೇಕಾಗುವ ಮುಂಚೆಯೇ ಓದಿಡುವುದು) ಮತ್ತು ಬರೆಯುವುದರ ಉಳಿತಾಯ ಡಿಬಿ2ದೇ ಡಿಬಿಎಂ1 ಅಡ್ರೆಸ್ ಸ್ಪೇಸ್‌ನ ಎಸ್‌ಆರ್‌ಬಿ (ಹಿನ್ನೆಲೆ ಕೆಲಸದ) ಸಮಯದಲ್ಲಿ. ಸಿಐಸಿಎಸ್ ಕಡೆ ನೀವು ಏನೂ ಮಾಡಬೇಕಿಲ್ಲ.

ಐಬಿಎಂನ ಇನ್ನೊಂದು ಡೇಟಾಬೇಸ್ ಐಎಂಎಸ್ ಇರುವವರಿಗೆ ಎರಡು ಮಾತು. ಅಪೊಲೊ ಕಾರ್ಯಕ್ರಮದ ಬಿಡಿಭಾಗಗಳ ಲೆಕ್ಕಕ್ಕೆ ಹುಟ್ಟಿ 1968ರಲ್ಲಿ ಓಡಲು ಶುರುವಾದ ಮುದುಕ ಅದು, ಅದರ ದಾರಿ ಬೇರೆ. ಅದರ ಸೆಟ್ಟಿಂಗ್‌ಗಳಿರುವ ಪ್ರಾಕ್‌ಲಿಬ್‌ನ ಡಿಎಫ್‌ಎಸ್‌ವಿಎಸ್‌ಎಂ ಮೆಂಬರ್‌ನಲ್ಲಿ (ಇಲ್ಲಿ ಮೆಂಬರ್ ಅಂದರೆ ಫೈಲ್ ಇದ್ದಂತೆ) ಐಓಬಿಎಫ್ ಸಾಲಿಗೆ ಅಳತೆ, ಸಂಖ್ಯೆ ಆದ ಮೇಲೆ ಮೂರನೇ ಜಾಗದಲ್ಲಿ ವೈ ಹಾಕಿದರೆ ಬಫರ್ ಫಿಕ್ಸ್. ಕಂಟ್ರೋಲ್ ರೀಜನ್‌ನ ಬೇರೆ ಭಾಗಗಳಿಗೆ ಡಿಎಫ್‌ಎಸ್‌ಫಿಕ್ಸ್ ಮೆಂಬರ್ ಇದೆ. ಮೆಮೊರಿ ಎಣಿಸುವ ಕೆಲಸ ಮಾತ್ರ ಅದೇ.

ಹೋದ ಮೇ ತಿಂಗಳು ಹುಡುಗ ಇದನ್ನೆಲ್ಲ ಮತ್ತೆ ಸರಿಯಾಗಿ ಮಾಡಿದ, ಈ ಸಲ ಎರಡೇ ಪೂಲ್. ಆ ಭಾನುವಾರ ರಾತ್ರಿ ನಮ್ಮ ಸೇಡಂ ರಸ್ತೆಯಲ್ಲಿ ಲೈಟ್ ಹೋಗಿ ತಾಸು ಆಗಿತ್ತು, ಅವ್ವ ಅಂಗಳದಲ್ಲಿ ಚಾಪೆ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದಳು. ಸ್ಪೀಕರ್‌ಗೆ ಹಾಕಿದ ಫೋನ್‌ನಲ್ಲಿ ಹುಡುಗ ಕೂಗಿದ: "ಅಕ್ಕಾ, ಕರೆಂಟ್ ಬಂತ್ರೀ!" ಅವ್ವ ಎದ್ದು ಫ್ಯಾನ್ ಹಾಕಲು ಒಳಗೆ ಹೋದಳು.