ಅನಾನಸ್, ಜೆಲಾಟಿನ್, ನಾಲ್ಕು ಕಪ್: ಪ್ರೋಟೀನ್ ಪಾಠ ಮನೇಲೇ ಮಾಡಿ ನೋಡೋದು ಹೇಗೆ

ಪಿಯುಸಿ ಬಯಾಲಜಿಲಿ ಅಮೈನೋ ಆಸಿಡ್, ಪ್ರೈಮರಿ ಸ್ಟ್ರಕ್ಚರ್, ಎಂಜೈಮ್ ಅಂತ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವರೇ ಜಾಸ್ತಿ, ಕಣ್ಣಾರೆ ನೋಡಿದವರು ಕಮ್ಮಿ. ಅಡುಗೆಮನೇಲಿ ಒಂದು ಸಂಜೆ ಸಾಕು ಇದಕ್ಕೆ, ನಿಜವಾಗ್ಲೂ.

ಬೇಕಾಗಿರೋದು ಇಷ್ಟೇ: ಒಂದು ಹಣ್ಣಾದ ಅನಾನಸ್, ಜೆಲಾಟಿನ್ ಪುಡಿ 10 ಗ್ರಾಂ, ಸ್ವಲ್ಪ ಚೈನಾ ಗ್ರಾಸ್, ನಾಲ್ಕು ಲೋಟ. ಅಂಗಡಿಯ ಡಬ್ಬಿ ಜ್ಯೂಸ್ ತರಬೇಡಿ, ಅದನ್ನ ಆಗ್ಲೇ ಕಾಯಿಸಿರ್ತಾರೆ, ಹಾಗಾಗಿ ಕೆಲಸ ಮಾಡಲ್ಲ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಜೆಲಾಟಿನ್‌ನ ಕಾಲು ಲೋಟ ತಣ್ಣೀರಲ್ಲಿ ಐದು ನಿಮಿಷ ನೆನೆಸಿ, ಆಮೇಲೆ ಒಂದೂವರೆ ಲೋಟ ಬಿಸಿನೀರು ಹಾಕಿ ಕರಗಿಸಿ ಮೂರು ಲೋಟಕ್ಕೆ ಸಮ ಹಂಚಿ. ನಾಲ್ಕನೇದಕ್ಕೆ ಚೈನಾ ಗ್ರಾಸ್ ಕುದಿಸಿ ಹಾಕಿ. ಅನಾನಸ್ ರುಬ್ಬಿ ಸೋಸಿ ರಸ ತೆಗೀರಿ, ಅದರಲ್ಲಿ ಸ್ವಲ್ಪ ರಸ ಬೇರೆ ಪಾತ್ರೇಲಿ ಹತ್ತು ನಿಮಿಷ ಕುದಿಸಿ ಆರಿಸಿ. ಈಗ ಲೋಟಗಳು ಬೆರಳಿಟ್ಟರೆ ತಡ್ಕೊಳ್ಳೋಷ್ಟು ಬೆಚ್ಚಗಾದಾಗ (ಸುಡ್ತಿರುವಾಗ ಹಾಕಿದ್ರೆ ರಸದಲ್ಲಿರೋ ಎಂಜೈಮೇ, ಅಂದ್ರೆ ಪ್ರೋಟೀನ್ ಕತ್ತರಿಸೋ ವಸ್ತುವೇ, ಕೆಟ್ಟುಹೋಗತ್ತೆ, ಚೈನಾ ಗ್ರಾಸ್ ಮಾತ್ರ ಬೇಗ ಗಟ್ಟಿಯಾಗತ್ತೆ, ಅದರ ಮೇಲೆ ಕಣ್ಣಿಡಿ) ಮೊದಲನೇದಕ್ಕೆ ಎರಡು ಚಮಚ ಬರೀ ನೀರು, ಎರಡನೇದಕ್ಕೆ ಹಸಿ ರಸ, ಮೂರನೇದಕ್ಕೆ ಕುದಿಸಿದ ರಸ, ನಾಲ್ಕನೇದಕ್ಕೆ ಮತ್ತೆ ಹಸಿ ರಸ, ಎಲ್ಲಾ ಎರಡೆರಡು ಚಮಚ. ಲೋಟದ ಮೇಲೆ ನಂಬರ್ ಬರೆದು ಫ್ರಿಜ್‌ನಲ್ಲಿ ನಾಲ್ಕು ಗಂಟೆ ಇಡಿ.

ತೆಗೆದು ನೋಡಿದ್ರೆ ಎರಡನೇದು ಮಾತ್ರ ನೀರು ನೀರಾಗೇ ಇರತ್ತೆ. ಉಳಿದ ಮೂರೂ ಗಟ್ಟಿ.

ಈಗ ಪಾಠಕ್ಕೆ ಬರೋಣ. ನಮ್ಮ ದೇಹ ಪ್ರೋಟೀನ್ ಕಟ್ಟೋದು ಅಮೈನೋ ಆಸಿಡ್ ಅನ್ನೋ 20 ತರದ ಚಿಕ್ಕ ಅಣುಗಳಿಂದ. ಹೂವು ಪೋಣಿಸಿದ ಹಾಗೆ ಒಂದಕ್ಕೊಂದು ಸೇರ್ತವೆ, ಪ್ರತಿ ಸಲ ಸೇರುವಾಗ ಒಂದು ನೀರಿನ ಅಣು ಹೊರಗೆ ಬರತ್ತೆ, ಆ ಗಂಟಿಗೇ ಪೆಪ್ಟೈಡ್ ಬಾಂಡ್ ಅನ್ನೋದು. ಯಾವುದಾದ ಮೇಲೆ ಯಾವುದು ಅನ್ನೋ ಸಾಲೇ ಪ್ರೈಮರಿ ಸ್ಟ್ರಕ್ಚರ್. ಆ ಸಾಲು ಸುರುಳಿ ಸುತ್ತಿಕೊಂಡ್ರೆ ಸೆಕೆಂಡರಿ, ಇಡೀ ಸರ ಮಡಚಿ ಮುದ್ದೆಯಾದ್ರೆ ಟರ್ಷರಿ, ಹೀಮೋಗ್ಲೋಬಿನ್ ತರ ನಾಲ್ಕು ಸರ ಕೂಡಿಕೊಂಡ್ರೆ ಕ್ವಾಟರ್ನರಿ.

ಜೆಲಾಟಿನ್ ಬರೋದು ಪ್ರಾಣಿಗಳ ಚರ್ಮ, ಮೂಳೇಲಿರೋ ಕೊಲ್ಯಾಜೆನ್‌ನಿಂದ. ಅದರಲ್ಲಿ ಮೂರು ಸರ ಜಡೆ ಹೆಣೆದ ಹಾಗೆ ಸುತ್ತಿಕೊಂಡಿರ್ತವೆ, ಪ್ರತಿ ಮೂರನೇ ಜಾಗದಲ್ಲಿ ಗ್ಲೈಸಿನ್ ಅನ್ನೋ ಅಮೈನೋ ಆಸಿಡ್, ಯಾಕಂದ್ರೆ ಜಡೆಯ ಒಳಗಿನ ಆ ಇಕ್ಕಟ್ಟಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸಿನ್ ಮಾತ್ರ ಹಿಡಿಸತ್ತೆ. ಈ ಮೂರೆಳೆ ಜಡೆಯನ್ನ 1954ರಲ್ಲಿ ಮದ್ರಾಸ್ ಯೂನಿವರ್ಸಿಟಿಲಿ ಕಂಡುಹಿಡಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಆಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ರು, ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಲೇಬೇಕು ಅನ್ನೋದು ನನ್ನ ಆಸೆ.

ಬಿಸಿನೀರಲ್ಲಿ ಜಡೆ ಬಿಚ್ಚಿಹೋಗತ್ತೆ, ತಣ್ಣಗಾದಾಗ ಸರಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ಬಲೆಯಾಗಿ ನೀರು ಹಿಡಿದಿಡ್ತವೆ. ಮೊದಲನೇ ಲೋಟದ ಜೆಲ್ಲಿ ಅಂದ್ರೆ ಇದೇ.

ಅನಾನಸ್‌ನಲ್ಲಿ ಬ್ರೋಮೆಲಿನ್ ಅನ್ನೋ ಎಂಜೈಮ್ ಇದೆ, ಅದು ಪೆಪ್ಟೈಡ್ ಬಾಂಡ್ ಇರೋ ಕಡೆ ನೀರಿನ ಅಣು ಸೇರಿಸಿ ಸರ ಕತ್ತರಿಸತ್ತೆ. ಚೂರು ಚೂರಾದ ಸರ ಬಲೆ ಹೆಣೆಯೋಕಾಗಲ್ಲ. ಎಂಜೈಮ್ ಕೂಡ ಒಂದು ಪ್ರೋಟೀನೇ, ಅದರ ಶಕ್ತಿ ಇರೋದೆಲ್ಲ ಸರ ಮಡಚಿಕೊಂಡಿರೋ ರೀತೀಲಿ. ಇದರ ಸಂಬಂಧಿ, ಪಪ್ಪಾಯದ ಪಪೈನ್ ತಗೊಳ್ಳಿ: ಕತ್ತರಿಸೋ ಕೆಲಸ ಮಾಡೋದು 25ನೇ ಜಾಗದ ಸಿಸ್ಟೀನ್ ಮತ್ತೆ 159ನೇ ಜಾಗದ ಹಿಸ್ಟಿಡೀನ್ ಅನ್ನೋ ಅಮೈನೋ ಆಸಿಡ್‌ಗಳು, ಸಾಲಲ್ಲಿ ಎಷ್ಟು ದೂರ ನೋಡಿ, ಆದ್ರೆ ಮಡಚಿಕೊಂಡಾಗ ಅಕ್ಕಪಕ್ಕ ಬಂದು ಕೂರ್ತವೆ, ಆ ಜಾಗಾನೇ ಆಕ್ಟಿವ್ ಸೈಟ್. ಕುದಿಸಿದ್ರೆ ಸಾಲು ಹಾಗೇ ಇರತ್ತೆ, ಮಡಿಕೆ ಮಾತ್ರ ಬಿಚ್ಚತ್ತೆ, ಇಬ್ಬರೂ ದೂರ ಆಗ್ತಾರೆ, ಕತ್ತರಿ ಕೆಲಸ ಮಾಡಲ್ಲ. ಅದಕ್ಕೇ ಮೂರನೇ ಲೋಟ ಗಟ್ಟಿ. ಚೈನಾ ಗ್ರಾಸ್ ಪ್ರೋಟೀನೇ ಅಲ್ಲ, ಕಡಲ ಪಾಚಿಯಿಂದ ಬರೋ ಸಕ್ಕರೆಯ ಸರ, ಬ್ರೋಮೆಲಿನ್‌ಗೆ ಅಲ್ಲಿ ಹಿಡಿಯೋಕೆ ಪೆಪ್ಟೈಡ್ ಬಾಂಡೇ ಸಿಗಲ್ಲ.

ಮನೇಲಿ ಜೆಲಾಟಿನ್ ತರಲ್ಲ ಅನ್ನೋರು ಎರಡು ಲೋಟ ಹಾಲು ತಗೊಂಡು ಒಂದಕ್ಕೆ ಹಸಿ ರಸ, ಒಂದಕ್ಕೆ ಕುದಿಸಿ ಆರಿಸಿದ ರಸ ಹಾಕಿ. ಹುಳಿಗೆ ಎರಡೂ ಒಡೀಬಹುದು, ಆದ್ರೆ ಒಂದು ಗಂಟೆ ಬಿಟ್ಟು ನಾಲಿಗೆ ತುದಿಗೆ ಇಟ್ಟು ನೋಡಿ, ಹಸಿ ರಸದ್ದು ಕಹಿ ಬಂದಿರತ್ತೆ. ಹಾಲಿನ ಪ್ರೋಟೀನ್ ಕತ್ತರಿಸಿದ ಚೂರುಗಳ ರುಚಿ ಅದು.

ಕೊನೆಗೆ ಇನ್ನೊಂದು ಕೆಲಸ ಬಿಡಬೇಡಿ. ಒಂದನೇ, ಎರಡನೇ ಲೋಟ ಎರಡನ್ನೂ ಕುದಿಸಿ ಮತ್ತೆ ಫ್ರಿಜ್‌ನಲ್ಲಿಡಿ. ಒಂದನೇದು ಮತ್ತೆ ಗಟ್ಟಿಯಾಗತ್ತೆ, ಬಿಚ್ಚಿದ ಜಡೆ ಮತ್ತೆ ಹೆಣೆಯಬಹುದು. ಎರಡನೇದರಲ್ಲಿ ಈಗ ಎಂಜೈಮ್ ಸತ್ತಿದ್ರೂ ನೀರಾಗೇ ಉಳಿಯತ್ತೆ, ಯಾಕಂದ್ರೆ ಅಲ್ಲಿ ಜಡೆಯ ಕೂದಲೇ, ಅಂದ್ರೆ ಸರವೇ, ತುಂಡಾಗಿದೆ.